ಉಬ್ಬದ ಕೈ

"ಕಣ್ಣು ಮುಚ್ಕೊಂಡು ಪರೀಕ್ಷೆ ಮಾಡ್ತಿದೀಯೋ, ನಿದ್ದೆ ಹೊಡೀತಿದೀಯೋ?" ಎಂದಳು ಗುಂಡಕ್ಕ.

"ಬಾಯಿ ಮುಚ್ಕೊಂಡು ಕೈ ಕೊಡು," ಎಂದಳು ಸೂಜಿಯಕ್ಕ.

ಇಂಜೆಕ್ಷನ್ ಕೋಣೆಯ ಮೇಜಿನ ಮೇಲೆ ಗುಂಡಕ್ಕನ ಎಡಗೈ ಅಂಗಾತ ಬಿದ್ದಿತ್ತು. ಎರಡು ದಿನದ ಹಿಂದೆ ಅದೇ ಮುಂಗೈಯ ಚರ್ಮದೊಳಕ್ಕೆ ಸೂಜಿಯಕ್ಕ ಒಂದು ಹನಿ ಮದ್ದು ಹಾಕಿದ್ದಳು. ಕ್ಷಯದ ಕ್ರಿಮಿ ಯಾವತ್ತಾದರೂ ಮೈ ಹೊಕ್ಕಿದ್ದರೆ ಆ ಜಾಗ ಗಟ್ಟಿಯಾಗಿ ಉಬ್ಬಬೇಕು. ಬರೀ ಕೆಂಪಗಾದರೆ ಲೆಕ್ಕಕ್ಕಿಲ್ಲ. ಗಟ್ಟಿ ಎಷ್ಟಗಲವಿದೆ ಎನ್ನುವುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿಗೇ ಸಿಗಬೇಕು. ಅದಕ್ಕೇ ಸೂಜಿಯಕ್ಕ ಕಣ್ಣು ಮುಚ್ಚುತ್ತಿದ್ದಳು. ಹೊಸ ನರ್ಸುಗಳು ಅವಳ ಬೆನ್ನ ಹಿಂದೆ ಇದನ್ನೇ ಅಣಕಿಸಿ ನಗುತ್ತಿದ್ದರು, ಆಮೇಲೆ ತಾವೂ ಹಾಗೇ ಕಣ್ಣು ಮುಚ್ಚುತ್ತಿದ್ದರು.

ಬೆರಳು ಮಣಿಕಟ್ಟಿನ ಕಡೆಯಿಂದ ಬಂತು, ಮೊಣಕೈ ಕಡೆಯಿಂದ ಬಂತು, ಅಡ್ಡಡ್ಡ ಹೋಯಿತು. ಎಲ್ಲೂ ಏನೂ ತಡೆಯಲಿಲ್ಲ.

"ಏನಿಲ್ಲ ಕಣೇ."

"ಏನಿಲ್ಲ ಅಂದ್ರೆ?"

"ಏನಿಲ್ಲ ಅಂದ್ರೆ ಏನಿಲ್ಲ. ಚಪ್ಪಟೆ."

ಗುಂಡಕ್ಕ ಕೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿದಳು. ಆಮೇಲೆ ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ಅದಕ್ಕೊಂದು ಮುತ್ತು ಕೊಟ್ಟಳು.

ಆ ಆಸ್ಪತ್ರೆಯ ಕ್ಷಯದ ವಾರ್ಡಿನಲ್ಲಿ ಕೆಲಸ ಮಾಡುವವರ ಪೈಕಿ ಕೈ ಉಬ್ಬದವರು ಯಾರೂ ಇರಲಿಲ್ಲ. ಹೊಸದಾಗಿ ಬಂದ ಹುಡುಗಿಯ ಕೈ ಮೊದಲ ಸಲ ಉಬ್ಬಿದ ದಿನ ಎಲ್ಲರೂ ಸೇರಿ, "ಇನ್ನು ನೀನು ನಮ್ಮನೆ ಸೊಸೆ ಕಣೇ," ಎಂದು ಅವಳಿಂದಲೇ ಟೀ ಕುಡಿಸಿಕೊಳ್ಳುತ್ತಿದ್ದರು. ಹುಡುಗಿ ಬಾತ್‌ರೂಮಿಗೆ ಹೋಗಿ ಅತ್ತುಬಂದು ಟೀ ಕುಡಿಸುತ್ತಿದ್ದಳು. ಕ್ರೂರ ತಮಾಷೆ ನಿಜ, ಆದರೆ ಹಗಲೆಲ್ಲ ಕೆಮ್ಮುವವರ ನಡುವೆ ಓಡಾಡುವವರು ಇನ್ನೇನು ತಮಾಷೆ ಮಾಡಿಯಾರು? ಉಬ್ಬಿದರೆ ರೋಗ ಬಂತು ಎಂದಲ್ಲ. ಕ್ರಿಮಿ ಒಳಗೆ ಬಂದು ಮಲಗಿದೆ, ಅಷ್ಟೆ. ಎಷ್ಟೋ ಜನರಲ್ಲಿ ಅದು ಕೊನೆತನಕ ಏಳುವುದೇ ಇಲ್ಲ. ಒಂದು ಸಲ ಉಬ್ಬಿದವರಿಗೆ ಮತ್ತೆ ಸೂಜಿ ಹಾಕುವುದೂ ಇಲ್ಲ, ಎದೆಯ ಎಕ್ಸ್‌ರೇ ತೆಗೆದು ನೋಡುತ್ತಾರೆ.

ಗುಂಡಕ್ಕನ ಕೈಯೂ ಉಬ್ಬಿತ್ತು, ಬಹಳ ಹಿಂದೆ. ಅಂತಿಂಥ ಉಬ್ಬಲ್ಲ, ಮೇಲಿನ ಚರ್ಮ ಬೊಬ್ಬೆ ಎದ್ದಿತ್ತು. ಅದನ್ನು ಅಳೆದವಳೂ ಸೂಜಿಯಕ್ಕನೇ. ಹಾಗಿದ್ದೂ ಗುಂಡಕ್ಕ ಈಗ ಮತ್ತೆ ಸೂಜಿ ಹಾಕಿಸಿಕೊಂಡಿದ್ದು ಮೊಮ್ಮಗುವಿಗೋಸ್ಕರ. ಮಗಳಿಗೆ ಎರಡು ಸಲ ಗರ್ಭ ಇಳಿದು, ಮೂರನೆಯದು ನಿಂತು, ಹೆಣ್ಣು ಮಗು ಹುಟ್ಟಿತ್ತು. ಮಗಳ ಊರಿನ ಡಾಕ್ಟರು, ಅಜ್ಜಿ ಕ್ಷಯದ ವಾರ್ಡಿನವರಾದರೆ ಪರೀಕ್ಷೆ ಮಾಡಿಸಿಕೊಂಡೇ ಮಗು ಮುಟ್ಟಲಿ ಎಂದಿದ್ದರಂತೆ. ಹಳೆಯ ಉಬ್ಬಿನ ಸುದ್ದಿ ಹೇಳಿದರೆ ಎಲ್ಲಿ ಮಗು ಎತ್ತಲು ಬಿಡುವುದಿಲ್ಲವೋ ಎಂದು ಗುಂಡಕ್ಕ ಅದನ್ನು ಮಗಳಿಗೆ ಹೇಳಲೇ ಇಲ್ಲ. "ಒಂದ್ಸಲ ಹಾಕಿ ನೋಡೇ," ಎಂದು ಗೆಳತಿಗೆ ದುಂಬಾಲು ಬಿದ್ದಿದ್ದಳು. "ಉಬ್ಬಿದ್ರೆ ಎಕ್ಸ್‌ರೇ. ಉಬ್ಬದಿದ್ರೆ ಮೊಮ್ಮಗು."

ಈಗ ಉಬ್ಬಿರಲಿಲ್ಲ.

ಅಷ್ಟು ಉಬ್ಬಿದ್ದ ಕೈ ಸುಮ್ಮಸುಮ್ಮನೆ ಚಪ್ಪಟೆಯಾಗುವುದಿಲ್ಲ ಎಂದು ಸೂಜಿಯಕ್ಕನಿಗೆ ಗೊತ್ತಿತ್ತು. ವಯಸ್ಸಾದಂತೆ ಉಬ್ಬು ಕಡಿಮೆಯಾಗುವುದುಂಟು. ಇನ್ನೊಂದೂ ಉಂಟು. ಒಳಗೆ ರೋಗ ಹರಡಿ ಮೈ ಸೋತುಹೋಗಿದ್ದರೆ ಕೈ ಉಬ್ಬುವುದಕ್ಕೂ ತ್ರಾಣವಿರುವುದಿಲ್ಲ. ತರಬೇತಿಗೆ ಬಂದ ಹುಡುಗಿಯರಿಗೆ ಅವಳೇ ಇದನ್ನು ಹೇಳಿಕೊಡುತ್ತಿದ್ದಳು. ಎದುರಿಗೆ ಕುಳಿತ ಗುಂಡಕ್ಕ ಈಗ ಹೆಸರಿಗೆ ಮಾತ್ರ ಗುಂಡಕ್ಕ. ಆರು ತಿಂಗಳಿಂದ ಇಳಿದಿದ್ದಳು, ಯೂನಿಫಾರ್ಮಿನ ತೋಳಿನೊಳಗೆ ಇನ್ನೊಂದು ಕೈ ತೂರಿಸಬಹುದಿತ್ತು. ಏನು ತಿನ್ನುತ್ತೀ, ಏನು ಬಿಟ್ಟಿದ್ದೀ ಎಂದು ವಾರ್ಡಿನ ಹೆಂಗಸರೆಲ್ಲ ಅಸೂಯೆಯಿಂದ ಕೇಳುತ್ತಿದ್ದರು. ಜನರ ಎದೆಗೂಡು ನೋಡಿ ರೋಗ ಹೇಳುವ ಈ ಹೆಂಗಸರಿಗೆ ತಮ್ಮವಳೊಬ್ಬಳು ಬಡಕಲಾದದ್ದು ಬರೀ ಅದೃಷ್ಟದಂತೆ ಕಂಡಿತ್ತು.

"ಅಲ್ವೇ, ಹೋಗೋಕ್ಮುಂಚೆ ಒಂದು ಎಕ್ಸ್..." ಎಂದು ಸೂಜಿಯಕ್ಕ ಬಾಯಿ ತೆಗೆದಳು.

ಗುಂಡಕ್ಕ ಆಗಲೇ ತೋಳಿನ ಗುಂಡಿ ಹಾಕಿಕೊಳ್ಳುತ್ತ ಎದ್ದು ನಿಂತಿದ್ದಳು. ಸಂಜೆಯ ರೈಲು. ಎಕ್ಸ್‌ರೇ ಕೋಣೆಯ ಮುಂದಿನ ಸಾಲು ಮೆಟ್ಟಿಲವರೆಗೆ ಬಂದಿತ್ತು. ಗುಂಡಕ್ಕನ ಕಣ್ಣಲ್ಲಿ ನೀರು, ಮುಖದ ತುಂಬ ನಗು. ಗಂಡ ಸತ್ತ ಮೇಲೆ ಆ ಮುಖ ಹಾಗೆ ಅರಳಿದ್ದನ್ನು ಸೂಜಿಯಕ್ಕ ನೋಡಿರಲಿಲ್ಲ.

"ಏನಂದೆ?"

"ಏನಿಲ್ಲ. ಮಗೂಗೆ ನನ್ ಕಡೆಯಿಂದ್ಲೂ ಒಂದು ಮುತ್ತು ಕೊಡು."

ಅಷ್ಟೇ ಆದದ್ದು. ಒಬ್ಬಳ ಸಂತೋಷಕ್ಕೆ ಕಲ್ಲು ಹಾಕಲು ಇನ್ನೊಬ್ಬಳಿಗೆ ಮನಸ್ಸು ಬರಲಿಲ್ಲ. ಗೊತ್ತಿಲ್ಲದವಳು ಮಾಡಿದ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತೇನೋ.

ಫೋನಿಗೆ ಫೋಟೊಗಳು ಬರುತ್ತಿದ್ದವು. ಅಜ್ಜಿಯ ಎದೆಯ ಮೇಲೆ ಬೋರಲು ಮಲಗಿದ ಮಗು, ಅಜ್ಜಿಯ ಕೆನ್ನೆಗೆ ಕೆನ್ನೆ ಒತ್ತಿದ ಮಗು. ಸೂಜಿಯಕ್ಕನ ಕಣ್ಣು ಮಗುವನ್ನು ಬಿಟ್ಟು ಗುಂಡಕ್ಕನ ಕುತ್ತಿಗೆಯ ಮೂಳೆಗಳ ಮೇಲೆ ಹೋಗಿ ನಿಲ್ಲುತ್ತಿತ್ತು. 'ದೃಷ್ಟಿ ಆಗತ್ತೆ ಕಣೇ, ಎಷ್ಟು ಮುದ್ದಾಗಿದೆ,' ಎಂದು ಬರೆದು ಕಳಿಸುತ್ತಿದ್ದಳು.

ರಜೆ ಮುಗಿಸಿ ಬಂದ ಗುಂಡಕ್ಕನಿಗೆ ವಾರ್ಡಿನ ಮೆಟ್ಟಿಲು ಹತ್ತಲಾಗಲಿಲ್ಲ. ಅರ್ಧದಲ್ಲೇ ಕಂಬಿ ಹಿಡಿದು ಕುಳಿತುಬಿಟ್ಟಳು. ಅವತ್ತೇ ತೆಗೆದ ಎಕ್ಸ್‌ರೇಯಲ್ಲಿ ಎರಡೂ ಕಡೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಕಫದಲ್ಲೂ ಕ್ರಿಮಿ ಸಿಕ್ಕಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಇದು ಇವತ್ತಿನದಲ್ಲ, ತಿಂಗಳುಗಟ್ಟಲೆಯದು," ಎಂದರು. ತಾನು ಇಷ್ಟು ವರ್ಷ ಹಾಸಿಗೆ ಹಾಸಿದ ಮಂಚಗಳಲ್ಲೇ ಒಂದರ ಮೇಲೆ ಗುಂಡಕ್ಕ ಮಲಗಿದಳು.

ಸೂಜಿಯಕ್ಕ ಮಾಸ್ಕ್ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತಳು.

"ನಾನು ಅವತ್ತೇ ಹೇಳ್ಬೇಕಿತ್ತು ಕಣೇ," ಎಂದಳು. "ಬಾಯಿಗೆ ಬಂದಿತ್ತು. ನುಂಗ್ಬಿಟ್ಟೆ."

"ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ ಬಿಡು. ರೈಲಿಗೆ ಹೊತ್ತಾಗಿತ್ತು."

ಸುಳ್ಳು. ಹೇಳಿದ್ದರೆ ಗುಂಡಕ್ಕ ರೈಲು ಬಿಟ್ಟು ಎಕ್ಸ್‌ರೇ ಸಾಲಿನಲ್ಲಿ ನಿಲ್ಲುತ್ತಿದ್ದಳು, ಬೈದುಕೊಂಡಾದರೂ ನಿಲ್ಲುತ್ತಿದ್ದಳು. ಇಬ್ಬರಿಗೂ ಅದು ಗೊತ್ತಿತ್ತು. ಸೂಜಿಯಕ್ಕನಿಗೆ ಅವಳು ಬಾಯಿಗೆ ಬಂದಂತೆ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು.

"ನನ್ನ ಕಥೆ ಬಿಡೇ," ಎಂದಳು ಗುಂಡಕ್ಕ ಉಸಿರು ಎಳೆದುಕೊಳ್ಳುತ್ತ. "ಮಗು ಮಲಗ್ತಿದ್ದಿದ್ದೇ ನನ್ನೆದೆ ಮೇಲೆ. ಕೆಳಗೆ ಹಾಕಿದ್ರೆ ಅಳೋದು. ನಾನೇ ಅಭ್ಯಾಸ ಮಾಡ್ಸಿದ್ದು. ಅದಕ್ಕೂ ಸೂಜಿ ಹಾಕಿ ನೀನೇ ನೋಡ್ಬೇಕು. ಬೇರೆ ಯಾರ ಕೈಗೂ ಕೊಡ್ಬೇಡ."

ಮರುದಿನವೇ ಮಗಳು ಮಗುವನ್ನು ಎತ್ತಿಕೊಂಡು ಬಂದಳು. ಚಿಕ್ಕಂದಿನಿಂದ ಇದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಆಡಿ ಬೆಳೆದವಳು, ಸೂಜಿಯಕ್ಕನನ್ನು ಚಿಕ್ಕಮ್ಮ ಎಂದೇ ಕರೆಯುವವಳು. ಮಕ್ಕಳ ಡಾಕ್ಟರು ಮಗುವನ್ನು ನೋಡಿ, ತೂಕ ಸರಿಯಿದೆ, ಮೊದಲು ಸೂಜಿ ಹಾಕಿಸಿ, ಅದರ ಫಲಿತಾಂಶದ ಜೊತೆಗೇ ಮಿಕ್ಕಿದ್ದು ಮಾಡೋಣ ಎಂದಿದ್ದರು. ನಾಲ್ಕು ತಿಂಗಳ ಮಗುವಿನ ಮುಂಗೈ ಸೂಜಿಯಕ್ಕನ ಎರಡು ಬೆರಳಿನಷ್ಟೂ ಇರಲಿಲ್ಲ. ಅವತ್ತು ಮಗು ಕಾಲು ಝಾಡಿಸಿ ಕಿರುಚಿ, ಕೋಣೆಯ ಸೂರು ಹಾರಿಹೋಗುವ ಹಾಗೆ ಅತ್ತಿತು. ಅದರ ಗಲಾಟೆ ಕೇಳಿ ಸೂಜಿಯಕ್ಕನಿಗೆ ಹೋದ ಜೀವ ಬಂದಂತಾಯಿತು.

ಎರಡು ದಿನ ಬಿಟ್ಟು ಬಂದಾಗ ಮಗು ನಿದ್ದೆ ಮಾಡುತ್ತಿತ್ತು.

"ನೀವು ಸೂಜಿ ಹಾಕಿದಾಗಿಂದ ಹೀಗೇ, ಚಿಕ್ಕಮ್ಮ," ಎಂದಳು ಮಗಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಮೈ ಸ್ವಲ್ಪ ಬೆಚ್ಚಗಿದೆ. ಹಾಲು ಸರಿಯಾಗಿ ಎಳೀತಿಲ್ಲ, ನಿನ್ನೆ ಎರಡು ಸಲ ಕಕ್ಕಿದ್ಳು. ಆದ್ರೆ ಪಾಪ, ಗಲಾಟೆ ಇಲ್ಲ. ಕೆಳಗೆ ಹಾಕಿದ್ರೂ ಮಲಗ್ತಾಳೆ."

ಸೂಜಿಯಕ್ಕ ಕಣ್ಣು ಮುಚ್ಚಿದಳು. ಬೆರಳು ಒಂದು ಕಡೆಯಿಂದ ಹೋಯಿತು. ಇನ್ನೊಂದು ಕಡೆಯಿಂದ ಹೋಯಿತು. ಉಬ್ಬಿರಲಪ್ಪ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಮತ್ತೊಂದು ಸಲ ಬೆರಳಾಡಿಸಿದಳು. ಚರ್ಮ ನುಣ್ಣಗಿತ್ತು, ಬೆಣ್ಣೆಯ ಹಾಗೆ. ಮಗು ಕೈಯನ್ನು ಎಳೆದುಕೊಳ್ಳಲೂ ಇಲ್ಲ.

"ಏನೂ ಉಬ್ಬಿಲ್ಲ ಅಲ್ವಾ ಚಿಕ್ಕಮ್ಮ? ನಂಗೇ ಕಾಣ್ತಿದೆ, ಏನೂ ಇಲ್ಲ!"

"ಉಬ್ಬಿಲ್ಲ," ಎಂದಳು ಸೂಜಿಯಕ್ಕ. "ಆದ್ರೆ ಇಲ್ಲಿ ಕೇಳಮ್ಮ..."

ಮಗಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯಲ್ಲಿ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಆ ಎರಡು ದಿನ ಅವಳು ತಾಯಿಯ ವಾರ್ಡಿನ ಬಾಗಿಲವರೆಗೂ ಹೋಗಿರಲಿಲ್ಲ, ಕೋಪ ಅಷ್ಟಿತ್ತು. ಈಗ ಕಣ್ಣೊರೆಸಿಕೊಂಡು ಎದ್ದು ಮಗುವನ್ನು ಸೂಜಿಯಕ್ಕನ ಕೈಗೆ ಹಾಕಿದಳು. "ಒಂಚೂರು ಹಿಡ್ಕೊಳ್ಳಿ. ಅಮ್ಮಂಗೆ ಹೇಳ್ಬಿಡ್ತೀನಿ, ಪಾಪ, ಫೋನಲ್ಲಿ ಏನೇನೋ ಅಂದ್ಬಿಟ್ಟಿದ್ದೆ," ಎನ್ನುತ್ತ ಫೋನ್ ಹಿಡಿದು ಬಾಗಿಲಿನಾಚೆ ನಿಂತಳು.

ಸೂಜಿಯಕ್ಕ ಮಗುವನ್ನು ಭುಜಕ್ಕೆ ಹಾಕಿಕೊಂಡಳು. ಬಟ್ಟೆಯ ಮೂಲಕವೇ ಅದರ ಮೈ ಸುಡುತ್ತಿತ್ತು. ತಲೆ ಭುಜದ ಮೇಲೆ ನಿಲ್ಲದೆ ವಾಲುತ್ತಿತ್ತು, ಅಂಗೈಯಲ್ಲಿ ಹಿಡಿದುಕೊಂಡಳು. ನೆತ್ತಿಯ ಮೆತ್ತನೆಯ ಜಾಗ ಅಂಗೈಗೆ ತುಂಬಿ ಬಿಗಿದಂತೆ ಸಿಕ್ಕಿತು. ಕ್ರಿಮಿ ಮಿದುಳಿಗೆ ಏರಿದರೆ ನೆತ್ತಿ ಹೀಗೆ ಉಬ್ಬುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಕಾಲುಗಳು ತಾವಾಗಿಯೇ ಬಾಗಿಲ ಕಡೆ ಹೊರಟವು.

ಹೊರಗೆ ಮಗಳು ಗೋಡೆಗೆ ಒರಗಿ ನಗುತ್ತ ಅಳುತ್ತ ಮಾತಾಡುತ್ತಿದ್ದಳು. "ಏನೂ ಇಲ್ವಂತೆ ಅಮ್ಮ. ಅಳ್ಬೇಡ ಅಮ್ಮ. ನಿಂದೇನೂ ತಪ್ಪಿಲ್ಲ ಅಮ್ಮ." ಫೋನಿನೊಳಗಿಂದ ಗುಂಡಕ್ಕನ ಅಳು ಸಣ್ಣಗೆ ಕೇಳಿಸುತ್ತಿತ್ತು.

"ಫೋನ್ ಇಡಮ್ಮ," ಎಂದಳು ಸೂಜಿಯಕ್ಕ. "ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಈಗ್ಲೇ."

ಮಗಳಿಗೆ ಅದು ಕೇಳಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳತ್ತ ನಕ್ಕು, ಒಂದೇ ನಿಮಿಷ ಎಂದು ಬೆರಳು ತೋರಿಸಿದಳು.

ಸೂಜಿಯಕ್ಕ ಆ ಬೆರಳನ್ನು ನೋಡಿದಳು. ಮತ್ತೊಮ್ಮೆ ಕರೆಯಲಿಲ್ಲ. ಮಗುವಿನ ತಲೆಯನ್ನು ಅಂಗೈಯಲ್ಲಿ ಆತುಕೊಂಡು, ಕಾರಿಡಾರಿನಲ್ಲಿ ಒಬ್ಬಳೇ ಓಡತೊಡಗಿದಳು. ಹಿಂದುಗಡೆ ಆ ನಗು ಇನ್ನೂ ಕೇಳುತ್ತಿತ್ತು.