ಬೇಲಿಯ ಹೊರಗೆ ಉಳಿದ ಮಾತು

ಪೇಟದ ಜರಿ ಹಣೆಗೆ ಚುಚ್ಚುತ್ತಿದೆ, ಬಾಡಿಗೆ ಪೇಟ, ಹೊಸದುರ್ಗದಲ್ಲಿ ಇನ್ನೂ ಯಾರ್ಯಾರ ತಲೆ ಏರಿ ಬಂದಿದೆಯೋ, ಬೆವರಿನ ವಾಸನೆ ಬೇರೆ — ಚಿತ್ತಪ್ಪ ಒಂದು ಬೆರಳು ತೂರಿಸಿ ಕೆರೆದುಕೊಂಡು ಕೈಯನ್ನು ಮತ್ತೆ ತೊಡೆಯ ಮೇಲಿಟ್ಟ, ವೇದಿಕೆಯಲ್ಲಿ ಕೂತವನು ಕೆರೆದುಕೊಳ್ಳಬಾರದು, ಮಾಜಿ ಸೈನಿಕನಂತೂ ಕೆರೆದುಕೊಳ್ಳಲೇಬಾರದು. ಮೈಕಿನ ಮುಂದೆ ತಮ್ಮನ ಮಗ ಗಿರೀಶ್, ಈ ಸಲ ತಾಲ್ಲೂಕು ಪಂಚಾಯ್ತಿಗೆ ನಿಲ್ಲುವವನು, ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದಾನೆ, ಪಕ್ಕದ ದೇಶ ಹೊತ್ತಿ ಉರೀತೈತೆ ಬಂಧುಗಳೇ, ನಮ್ಮ ಸೈನ್ಯ ಒಳಗೆ ನುಗ್ಗಬೇಕು, ಹೋಗಿ ಸರಿ ಮಾಡ್ಬೇಕು, ನಮ್ಮ ದೊಡ್ಡಪ್ಪ ಎಂಬತ್ತೇಳರಲ್ಲಿ ಲಂಕಾಕ್ಕೆ ಹೋಗಿರ್ಲಿಲ್ವಾ, ಅಲ್ಲಿನ ಜನ ಬೀದಿಗೆ ಬಂದು ಹಾರ ಹಾಕಿರ್ಲಿಲ್ವಾ — ಚಪ್ಪಾಳೆ. ಹಾಕಿದ್ದರು, ಸುಳ್ಳಲ್ಲ. ಲಾರಿ ನಿಲ್ಲಿಸಿ ನಿಲ್ಲಿಸಿ ಹಾಕಿದ್ದರು, ಎಳನೀರು ಕೊಚ್ಚಿ ಕೊಟ್ಟಿದ್ದರು, ಒಬ್ಬ ಮುದುಕಿ ಅವನ ಗಲ್ಲ ಹಿಡಿದು ತಮಿಳಿನಲ್ಲಿ ಏನೇನೋ ಅಂದಿದ್ದಳು, ಅವನಿಗೆ ತಿಳಿದದ್ದು ಮಗನೇ ಅನ್ನುವುದೊಂದೇ. ಎಂಥ ಹೆಮ್ಮೆ ಅವತ್ತು. ಬಡಿದಾಡುವವರ ನಡುವೆ ಶಾಂತಿಗೆಂದು ಬಂದು ನಿಂತವರು ನಾವು — ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರೆ, ಯಾವ ಲಾಭ, ಆ ವರ್ಷದ ದೀಪಾವಳಿ ಹೊತ್ತಿಗೆ ಅದೇ ಬೀದಿಯಲ್ಲಿ ನಮ್ಮ ಮೇಲೇ ಗುಂಡು, ಹಾರ ಹಾಕಿದ ಮನೆಯ ಕದ ಮುಚ್ಚಿತ್ತು. ಕೊನೆಗೆ ಒಪ್ಪಂದ ಮಾಡಿಕೊಂಡ ದೇಶವೇ ಹೊರಡಿ ಅಂದಿತು, ಇಲ್ಲಿ ಕಳಿಸಿದ ಸರ್ಕಾರವೂ ಹೋಗಿತ್ತು, ಮದ್ರಾಸಿನಲ್ಲಿ ಬಂದಿಳಿದರೆ ಆ ರಾಜ್ಯದ ದೊಡ್ಡವರು ಮುಖ ತೋರಿಸಲಿಲ್ಲ. ಸತ್ತವರು ಯಾಕೆ ಸತ್ತರು ಎಂದು ಇವತ್ತಿಗೂ ಅವನಿಗೆ ಯಾರೂ ಹೇಳಿಲ್ಲ.

ಇದನ್ನೆಲ್ಲ ಗಿರೀಶನಿಗೆ ಹೇಳಿದವರಾರು, ಯಾರೂ ಇಲ್ಲ, ಅವನಿಗೆ ಸಿಕ್ಕಿದ್ದು ಹಾರದ ಕಥೆ ಮಾತ್ರ, ಕೊಟ್ಟವನು ತಾನೇ. ಲಂಕಾದಿಂದ ಮರಳಿದ ದಿನ, ಬಾಗೂರಿನಾಚೆಯ ಹಟ್ಟಿ, ಕಾರೆ ಮುಳ್ಳಿನ ಬೇಲಿ, ದೂರದಿಂದ ಬಂದವನು ಬೇಲಿಯ ಹೊರಗೇ ಮಿಂದು ಒಳಗೆ ಕಾಲಿಡಬೇಕು — ಅವ್ವ ಓಬಮ್ಮ ಬಿಂದಿಗೆ ಎತ್ತಿ ಹಿಡಿದು ನಿಂತಿದ್ದಾಳೆ, ಏನಾನ ಕೆಟ್ಟದ್ದು ಕಂಡಿದ್ರೆ ಇಲ್ಲೇ ಆಡಿ ಮುಗಿಸ್ಕ ಮಗ, ಒಳಗೆ ಸಾವಿನ ಮಾತು ಬ್ಯಾಡ, ಎಳೇ ಮಕ್ಳು ಅವೆ, ಮರಿ ಅವೆ. ಬಾಯಿ ತೆರೆದಿದ್ದ. ಅವ್ವನ ಕೆನ್ನೆಯ ಮೂಳೆ ಎದ್ದಿತ್ತು, ಮೂರು ವರ್ಷ ಮಗನಿಗಾಗಿ ಹರಕೆ ಹೊತ್ತು ಸವೆದಿದ್ದಳು, ಅವಳ ಮುಂದೆ ಹೇಗೆ ಹೇಳುವುದು, ಏನಿಲ್ಲವ್ವ, ಹಾರ ಹಾಕಿದ್ರು ಅಂದುಬಿಟ್ಟ. ತಣ್ಣನೆಯ ನೀರು ತಲೆಯ ಮೇಲೆ ಬಿತ್ತು, ಅಲ್ಲಿಗೆ ಮುಗಿಯಿತು, ಒಳಗೆ ಹೋದ ಮೇಲೆ ಆಡುವಂತಿಲ್ಲ, ಹೊರಗೆ ಕೇಳುವವರಿಲ್ಲ. ಆಡಬೇಕಿತ್ತು. ಅವ್ವ ಅತ್ತಿದ್ದರೂ ಆಡಬೇಕಿತ್ತು. ಈಗ ಮುಂದಿನ ಸಾಲಿನಲ್ಲಿ ಗಿರೀಶನ ಮಗ ಜುಂಜೇಶ್ ಕೂತಿದ್ದಾನೆ, ಸೈನ್ಯಕ್ಕೆ ಆಯ್ಕೆಯಾಗಿದ್ದಾನೆ, ನಾಳಿದ್ದು ಚಿಕ್ಕಜಾಜೂರಿನಲ್ಲಿ ರೈಲು ಹತ್ತುವವನು, ನುಣ್ಣಗೆ ಬೋಳಿಸಿದ ಕೆನ್ನೆ, ತಾತನ ಕಡೆಗೇ ನೋಟ — ಆ ಅರ್ಧ ಕಥೆ ಕೇಳಿಯೇ ಬೆಳೆದ ಹುಡುಗ.

ಅಲ್ಲಿ, ಲಂಕಾದಲ್ಲಿ, ತಾಳೆಗರಿಯ ಬೇಲಿಗಳ ನಡುವೆ ಒಂದು ಓಣಿ, ತುದಿಯ ಮನೆಯಿಂದ ಗುಂಡು ಬಂದಿದೆ, ಇವರೂ ಹಾರಿಸಬೇಕು, ನಡುವೆ ನಾಲ್ಕಾರು ಆಡು ಮೇಯುತ್ತಿವೆ. ಅಯ್ಯೋ, ಮೂಕ ಜೀವ ಸಾಯ್ತಾವೆ ಅಂತ ಚಿತ್ತಪ್ಪ ಹಟ್ಟಿಯಲ್ಲಿ ಕರೆಯುವಂತೆಯೇ ಹುರ್ರೋ ಅಂದ, ಆಡು ತನ್ನ ಒಡೆಯನ ದನಿಗಲ್ಲದೆ ಪರರ ದನಿಗೆ ಬರುವುದಿಲ್ಲ, ಹಟ್ಟಿಯ ಕೂಸಿಗೂ ಗೊತ್ತು, ಅವನು ಮರೆತ. ಆಡು ಬರಲಿಲ್ಲ. ಬಂದವಳು ಒಡತಿ. ಯಾರೋ ಆಡು ಹೊಡೆದುಕೊಂಡು ಹೋಗುತ್ತಿದ್ದಾರೆಂದು ಹೆದರಿ, ಅವುಗಳಿಗೆ ತೋರಿಸಿ ಕರೆಯಲು ಒಂದು ಹಿಡಿ ಸೊಪ್ಪು ಮುಂದೆ ಚಾಚಿಕೊಂಡು ಓಡಿ ಬಂದಳು, ಪಕ್ಕದಲ್ಲಿದ್ದ ಸಿಪಾಯಿಗೆ ಕೈಯಲ್ಲಿ ಏನೋ ಇದೆ ಅನ್ನುವುದಷ್ಟೇ ಕಂಡಿತು, ಗುಂಡು ಹಾರಿಸಿದ. ಚಿತ್ತಪ್ಪ ಒಳ್ಳೆಯದನ್ನೇ ಮಾಡಹೊರಟಿದ್ದ, ದೇವರಾಣೆ, ಯಾರದೋ ಓಣಿಗೆ ಹೊಕ್ಕು ಯಾರದೋ ಆಡನ್ನು ತನ್ನ ದನಿಯಲ್ಲಿ ಕರೆದ.

ದೊಡ್ಡಪ್ಪ, ಏಳ್ರಿ, ಹಾರದ್ದು ಹೇಳ್ರಿ, ಎರಡು ಮಾತು ಸಾಕು — ಗಿರೀಶ್ ಕಿವಿಯಲ್ಲಿ ಪಿಸುಗುಡುತ್ತಾ ಮೈಕು ಕೈಗಿಟ್ಟ. ಇಲ್ಲಿ ಬೇಲಿಯಿಲ್ಲ, ಬಯಲು, ಎಲ್ಲವನ್ನೂ ಆಡಿಬಿಡುತ್ತೇನೆ, ಗಿರೀಶನ ಮುಖ ಕಪ್ಪಿಟ್ಟರೆ ಇಡಲಿ, ಹುಡುಗ ಕೇಳಿಸಿಕೊಂಡು ಹೋಗಲಿ. ಹಾರ ಹಾಕಿದ್ರು ಕಣ್ರಪ್ಪ, ಅಂದ, ಆಮೇಲೆ ಅನ್ನುವುದು ನಾಲಗೆಯ ತುದಿಗೆ ಬಂತು, ಅಷ್ಟರಲ್ಲಿ ಚಪ್ಪಾಳೆ, ಸಿಳ್ಳೆ, ಜೈಕಾರ, ಮುಗಿಯುತ್ತಲೇ ಇಲ್ಲ, ನಿಂತೀತೆಂದು ಕಾಯುತ್ತಿರುವಾಗ ಗಿರೀಶ್ ನಗುನಗುತ್ತ ಮೈಕು ತೆಗೆದುಕೊಂಡ. ಜುಂಜೇಶ್ ಮೆಟ್ಟಿಲೇರಿ ಬಂದು ಕಾಲಿಗೆ ಬಿದ್ದಿದ್ದಾನೆ, ತಾತ, ಆಶೀರ್ವಾದ ಮಾಡ್ರಿ, ನನಗೂ ಹಂಗೇ ಹಾರ ಬೀಳ್ಲಿ. ಮಗಾ, ಅನ್ನಬೇಕು, ಮಗಾ, ಕೇಳು — ಹುಡುಗನ ತಲೆಯ ಮೇಲೆ ಕೈಯಿಟ್ಟ, ಕಣ್ಣ ಮುಂದೆ ಆ ಓಣಿ, ಮಣ್ಣಿನ ಮೇಲೆ ಅವಳ ಕೈ, ಮುಷ್ಟಿಯಲ್ಲಿ ಸೊಪ್ಪು, ಒಂದು ಆಡು ಹತ್ತಿರ ಬಂದು ಎಲೆ ಎಳೆಯುತ್ತಿದೆ, ಎಳೆದಾಗಲೆಲ್ಲ ಕೈ ಅಲ್ಲಾಡುತ್ತದೆ, ಬದುಕಿದ್ದಾಳೆ ಅನ್ನಿಸುತ್ತದೆ, ಆಡು ಎಳೆಯುತ್ತದೆ, ಕೈ ಅಲ್ಲಾಡುತ್ತದೆ.