ಮಾಬಿನಿ ಬೀದಿಯಲ್ಲಿ ಇಳಿಯದವಳು

"ನೆಟ್ಟಗೆ ಮನೆಗೆ ಹೋಗೋ ಹಾಗಿಲ್ಲ, ಗೊತ್ತಲ್ಲ?" ಬಸ್ಸಿನಂತೆ ಜನರನ್ನು ಹತ್ತಿಸಿಕೊಂಡು ಓಡುವ ಜೀಪ್ನಿಯ ಉದ್ದ ಬೆಂಚಿನಲ್ಲಿ ಕೂರುತ್ತಲೇ ಬೆಲೆನ್ ತನ್ನ ಅಕ್ಕ ನೊರಿಂಗಳಿಗೆ ಹೇಳಿದಳು. "ಹೆಣ ನೋಡಿ ಬಂದೋರು ಎಲ್ಲಾದ್ರೂ ಇಳಿದು, ಐದು ನಿಮಿಷ ನಿಂತು ಹೋಗ್ಬೇಕು. ಇಲ್ದಿದ್ರೆ ಸತ್ತೋನು ಬೆನ್ನು ಹತ್ತಿ ಮನೆಗೇ ಬರ್ತಾನೆ. ಸಾವಿನ ಮನೆ ಹತ್ರಾನೇ ಡೋನಟ್ ಅಂಗಡಿ ಇತ್ತು, ನೀನೇ ಬೇಡ ಅಂದೆ."

"ಮಾಬಿನಿ ಬೀದೀಲಿ ಇಳಿಯೋಣ," ಎಂದಳು ನೊರಿಂಗ್.

"ಅಲ್ಲೇನಿದೆ ಈಗ, ಮಣ್ಣು!"

ನೊರಿಂಗಳಿಗೆ ಈಗ ಅರವತ್ತಾರು. ಆ ಬೀದಿಯ ಲೂನಾ ಕ್ಲಬ್ಬಿನಲ್ಲಿ ಅವಳು ಹನ್ನೊಂದು ವರ್ಷ ಹಾಡಿದ್ದಳು. ಈಗ ಶವಪೆಟ್ಟಿಗೆಯಲ್ಲಿ ಮಲಗಿರುವ ಅಮಾದೋ ಅಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ. ಹಾಡು ಮುಗಿದ ಮೇಲೆ ದಿನಾ ಅವಳನ್ನು ಜೀಪ್ನಿ ಹತ್ತಿಸಿ, ತಾನು ಹೆಂಡತಿಯ ಮನೆಗೆ ಹೋಗುತ್ತಿದ್ದ. ಒಂದೇ ಒಂದು ಸಲ ನಮ್ಮನೆಗೆ ಬಾ ಎಂದು ಎಷ್ಟು ಕರೆದರೂ ಬಂದವನಲ್ಲ. ಹೇಡಿ. ಇವತ್ತು ಅವನ ಹೆಂಡತಿ ನೊರಿಂಗಳ ಕೈಗೆ ಕಾಫಿ ಕೊಟ್ಟು, "ನೀವು ಯಾರ ಕಡೆಯವರು?" ಎಂದು ಕೇಳಿದ್ದಳು. "ಬ್ಯಾಂಡಿನ ಕಡೆ," ಎಂದಿದ್ದಳು ಇವಳು.

ಮಾಬಿನಿ ಬೀದಿ ಇರುವ ಎರ್ಮಿತಾ ಬಂತು. ಬಾರುಗಳ ದೀಪ ಆಗತಾನೇ ಹತ್ತಿಕೊಳ್ಳುತ್ತಿತ್ತು. ಬಾಗಿಲ ಮುಂದೆ ಹುಡುಗಿಯರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೂಡಲ್ಸ್ ತಿನ್ನುತ್ತಿದ್ದರು. ಲೂನಾ ಇದ್ದಲ್ಲಿ ಈಗ ಔಷಧಿ ಅಂಗಡಿ. ಜನ ಚೀಟಿ ಹಿಡಿದು ಸಾಲು ನಿಂತಿದ್ದರು.

ಬೆಲೆನ್ ಸೂರಿನ ಕಂಬಿಗೆ ನಾಣ್ಯ ಬಡಿದು ಗಾಡಿ ನಿಲ್ಲಿಸಿ ಇಳಿದಳು. "ಬಾ ಅಕ್ಕ. ಸತ್ತೋನನ್ನ ಇಲ್ಲೇ ಕೊಡವಿಕೊಂಡು ಹೋಗೋಣ. ನಿನ್ನ ಮಂಡಿಗೆ ಮುಲಾಮೂ ಆಯ್ತು."

ನೊರಿಂಗ್ ಅರ್ಧ ಎದ್ದಳು. ಅಂಗಡಿ ನೋಡಿದಳು. ಮತ್ತೆ ಕೂತಳು.

"ನೀನು ಬೇರೆ ಗಾಡೀಲಿ ಬಾ. ನಾನು ಹೀಗೇ ಹೋಗ್ತೀನಿ."

"ತಲೆ ಕೆಟ್ಟಿದ್ಯಾ? ಇಳೀದೆ ಹೋದ್ರೆ ಅವನೂ ಜೊತೇಲಿ ಬರ್ತಾನೆ ಕಣಕ್ಕ!"

ನೊರಿಂಗ್ ಒಳಗೆ ಸರಿದು, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು.

"ಅಜ್ಜೀ, ಇಳೀತೀರೋ, ಭಾಷಣ ಮಾಡ್ತೀರೋ?" ಡ್ರೈವರ್ ಕನ್ನಡಿಯಲ್ಲೇ ಗದರಿದ. "ಹಿಂದಿರೋ ಗಾಡಿಯೋರೆಲ್ಲ ಹಾರ್ನ್ ಹೊಡೀತಾ ನಮ್ಮಮ್ಮನ್ನ ನೆನೆಸ್ಕೋತಿದಾರೆ!"

"ನಡಿ ಮಗಾ," ಎಂದಳು ನೊರಿಂಗ್.

ಬೆಲೆನ್ ನಾಲ್ಕು ಹೆಜ್ಜೆ ಓಡಿ, ಗಾಡಿಯ ಪಕ್ಕಕ್ಕೆ ಗುದ್ದಿ, ಬೈಯುತ್ತಾ ಹಿಂದುಳಿದಳು.

ಮುಂದಿನ ತಿರುವಿನಲ್ಲಿ ದಪ್ಪನೆಯ ಗಂಡಸೊಬ್ಬ ಹತ್ತಿದ. "ಒಂಚೂರು ಸರೀರಿ ಅಜ್ಜಿ, ಜಾಗ ಇದೆಯಲ್ಲ."

"ಎದುರುಗಡೆ ಕೂತ್ಕೊಳಪ್ಪ."

ಅವನು ಗೊಣಗುತ್ತಾ ಎದುರು ಬೆಂಚಿನಲ್ಲಿ ತೂರಿಕೊಂಡು ಕೂತ. ಜೀಪ್ನಿ ವಾಲಿತು. ನೊರಿಂಗ್ ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿದಳು. ಗಾಡಿ ನೆಟ್ಟಗಾದ ಮೇಲೂ ತೆಗೆಯಲಿಲ್ಲ.