ಚೌಡವ್ವನ ಕೈಯ ಎಣ್ಣೆ

ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ, ಮುಂಜಾನೆಯಿಂದ ಮೂರನೆಯ ಬುಟ್ಟಿ. ಬ್ಯಾಡಗಿಯ ಚಳಿಗಾಲದ ಬಿಸಿಲು ಕಾಯಿಯ ಪುಡಿಯನ್ನು ಹಾದು ಬರುವಾಗ ಕೆಂಪಾಗುತ್ತದೆ. ಗೋದಾಮಿನಲ್ಲಿ ಕುಳಿತವರೆಲ್ಲ ಯಾರದೋ ಕನಸಿನೊಳಗೆ ಕುಳಿತ ಹಾಗೆ ಕಾಣುತ್ತಾರೆ. ಕೈ ತನ್ನ ಪಾಡಿಗೆ ದುಡಿಯುತ್ತದೆ, ಮನಸ್ಸು ತೇಲುತ್ತದೆ. ನನ್ನದು ಐರಣಿಯ ಹೊಳೆದಂಡೆಗೆ ಹೋಗಿತ್ತು. ಚೌಡವ್ವ ಈಗ ಅಲ್ಲಿದ್ದಾಳೆ, ತಂಗಿಯ ಮನೆಯಲ್ಲಿ.

ಹದಿನೆಂಟು ವರ್ಷ ನನ್ನ ಮಗ್ಗುಲಲ್ಲೇ ಕುಳಿತು ತೊಟ್ಟು ಮುರಿದವಳು. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತದ್ದೂ ಒಂದೇ ಬೆಂಚಿನಲ್ಲಿ. ಹೋದ ಚಳಿಗಾಲದಲ್ಲಿ ಮಾಲೀಕ ಅಂದಾನೆಪ್ಪನವರು ಕಾಯಿಯ ತೇವ ಅಳೆಯುವ ಪುಟ್ಟ ಯಂತ್ರಗಳನ್ನು ತಂದರು, ರಾಣೆಬೆನ್ನೂರಿನ ಎಂಜಿನಿಯರ್ ಹುಡುಗಿ ನಿರ್ಮಲಾ ತಯಾರಿಸಿದವು. ಸಂಜೆ ಅದರ ಯುಎಸ್‌ಬಿ ಕಿಂಡಿಗೆ ವಾಯರು ಚುಚ್ಚಿದರೆ ದಿನದ ಅಳತೆಯೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಚುಚ್ಚುವ ಕೆಲಸ ಚೌಡವ್ವನದು. ಒಂದೇ ತಿಂಗಳಲ್ಲಿ ಮೂರು ಯಂತ್ರ ಅವಳ ಕೈಯಲ್ಲೇ ಸತ್ತವು.

ಯಾಕೆಂದು ಮಾಲೀಕರು ಕೇಳಿದಾಗ ಬಾಯಿಬಿಟ್ಟವಳು ನಾನು. ಕಾಯಿಯ ಉರಿ ಹತ್ತಬಾರದೆಂದು ನಾವೆಲ್ಲ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಚೌಡವ್ವ ತುಸು ಹೆಚ್ಚೇ ಹಚ್ಚುತ್ತಾಳೆ, ಅದೇ ಕಿಂಡಿಗೆ ಇಳಿದಿರಬೇಕು ಎಂದೆ. ಕೇಡು ಬಯಸಿ ಹೇಳಿದ್ದಲ್ಲ. ಆದರೂ ಅವಳ ಕೆಲಸ ಹೋಯಿತು. ಫೋನು ಮಾಡಿದರೆ ಎತ್ತುವುದಿಲ್ಲ. ಕಾಗದ ಬರೆಯಲು ಕೂತರೆ, ಅರಾಮ ಅದೀಯೇನ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ವರ್ಷವೇ ಕಳೆಯಿತು.

ಈ ವಾರ ಇನ್ನೊಂದು ಯಂತ್ರ ಸತ್ತಿತು, ಅಂದಾನೆಪ್ಪನವರ ಕೈಯಲ್ಲೇ. ಅವರು ಎಣ್ಣೆ ಮುಟ್ಟುವವರಲ್ಲ. ನೋಡಲೆಂದು ಇವತ್ತು ನಿರ್ಮಲಾ ಬಂದು ನಮ್ಮ ನಡುವೆಯೇ ಕುಳಿತಿದ್ದಳು. ಮಧ್ಯಾಹ್ನ ಒಂದು ಯಂತ್ರಕ್ಕೆ ವಾಯರು ಚುಚ್ಚಲು ನನಗೆ ಹೇಳಿದಳು. ಎಣ್ಣೆ ಇಳಿದೀತೆಂದು ಅವಳಿಗೆ ಹೇಳಿ, ಕೈ ತೊಳೆದು, ಒರೆಸಿ, ತಾಡಪತ್ರಿಯ ಮೇಲೆ ನಡೆದು ಹೋಗಿ ವಾಯರು ಚುಚ್ಚಲು ಕಿಂಡಿಗೆ ಬೆರಳು ಇಟ್ಟೆ. ಚಟ್ ಎಂದು ನೀಲಿ ಕಿಡಿ ಹಾರಿತು. ಯಂತ್ರದ ಕಣ್ಣು ಮುಚ್ಚಿತು.

ಅವಳು ಅದನ್ನು ತೊಡೆಯ ಮೇಲಿಟ್ಟು ಬಿಚ್ಚಿದಳು. ಹಸಿರು ಹಲಗೆಯಲ್ಲಿ ಕಿಂಡಿಯಿಂದ ಕೂದಲಿನಂಥ ಎರಡು ದಾರಿ ಯಂತ್ರದ ಮಿದುಳಾದ ಪ್ರೊಸೆಸರಿನವರೆಗೆ ಸಾಗಿದ್ದವು.

"ಎಣ್ಣಿದಲ್ಲ ಆಯಿ, ತಪ್ಪು ನಂದು. ಇವೆರಡೂ ಜೋಡೆತ್ತಿನಂಗ ಸಮ ಇರಬೇಕು, ಅದನ್ನ ನೋಡಿದ್ನಿ. ಬಾಗಲದಾಗ ಕಾವಲು ಇಡೂದ ಮರ್ತಿದ್ನಿ."

ಚಳಿಗಾಲದ ಒಣ ಹವೆ, ಪ್ಲಾಸ್ಟಿಕ್ ತಾಡಪತ್ರಿ, ನೈಲಾನ್ ಸೀರೆ. ತಿಕ್ಕಿದಷ್ಟೂ ಮೈಯಲ್ಲಿ ವಿದ್ಯುತ್ತು ತುಂಬಿಕೊಳ್ಳುತ್ತದಂತೆ. ಮುಟ್ಟಿದೊಡನೆ ಅದು ಆ ದಾರಿ ಹಿಡಿದು ನೆಟ್ಟಗೆ ಪ್ರೊಸೆಸರಿಗೆ ನುಗ್ಗುತ್ತದಂತೆ. ಕಿಂಡಿಯ ಬಾಯಲ್ಲೇ ಎಳ್ಳಿನಷ್ಟು ಡಯೋಡ್ ಕೂರಿಸಿದರೆ ಕಿಡಿಯನ್ನು ಅಲ್ಲಿಂದಲೇ ನೆಲದ ತಂತಿಗೆ ಇಳಿಸುತ್ತದೆ. ದೂರ ಕೂರಿಸಿದರೆ ಕೆಲಸಕ್ಕೆ ಬಾರದು. ಅವಳು ಹೇಳುತ್ತಲೇ ಇದ್ದಳು. ನನಗೆ ಆ ಹಸಿರು ಬಯಲಾಗಿ, ದಾರಿಗಳು ಬಂಡಿಜಾಡಾಗಿ ಕಂಡವು. ಜಾಡಿನ ತುದಿಗೆ ಅಗಸೆಬಾಗಿಲು ಇಲ್ಲದ ಊರು ಮಲಗಿತ್ತು. ಒಂದು ಮಿಂಚುಹುಳ ಓಡಿಬಂದು ಒಳಹೊಕ್ಕಿತು. ಊರಿನ ದೀಪಗಳೆಲ್ಲ ಒಟ್ಟಿಗೆ ಆರಿದವು.

"ಹಂಗಾರ ಚೌಡವ್ವಂದು ಏನೂ ತಪ್ಪಿರ್ಲಿಲ್ಲ," ಎಂದೆ.

ಯಾವ ಚೌಡವ್ವ ಎಂದು ನಿರ್ಮಲಾ ಕೇಳಿದಳು. ಎಲ್ಲರ ಮುಂದೆ ಎಲ್ಲವನ್ನೂ ಹೇಳಿದೆ. ಪಕ್ಕದ ಸೈದಾಬಿ ತೊಟ್ಟು ಮುರಿಯುತ್ತಲೇ ನನ್ನ ಕಡೆ ಗದ್ದ ತೋರಿಸಿ, "ಆ ಎಳ್ಳಿನಂಥಾದ್ದು ಒಂದು ನಮ್ಮ ಹೊನ್ನವ್ವನ ಬಾಯಿಗೂ ಕೂಡಿಸವ್ವಾ," ಎಂದಳು. ಗೋದಾಮೆಲ್ಲ ನಕ್ಕಿತು. ನಾನೂ ನಕ್ಕೆ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಂದಾನೆಪ್ಪನವರು ಒಳಗೆ ಬಂದು ನನ್ನ ಬುಟ್ಟಿಯ ಮುಂದೆ ನಿಂತರು.

"ಆಕಿನ್ನ ಕರಸೋಣ. ಆದ್ರ ಎಣ್ಣಿ ಅಂದಾಕಿ ನೀನು, ಕಾಗದ ಬರಿಯಾಕಿನೂ ನೀನ."

ಊಟ ಬಿಟ್ಟು ಬರೆದೆ. ಎಣ್ಣೆ ಎಂದವಳು ನಾನು, ಗೊತ್ತಿಲ್ಲದೆ ಅಂದೆ, ನಿನ್ನನ್ನು ಕೇಳದೆ ಅಂದೆ, ಎಂದು ಮೊದಲಿಗೇ ಹಾಕಿದೆ. ಆಮೇಲೆ ಪೆನ್ನು ನಿಲ್ಲಲಿಲ್ಲ. ಕೆಳಗೆ ಮಾಲೀಕರಿಂದಲೂ ಒಂದು ಸಾಲು ಬರೆಸಿದೆ. ಅಂಚೆ ಕಚೇರಿಯಲ್ಲಿ ಐರಣಿಯ ಟಪಾಲೂ ಹೋಗುವ ಹಾವೇರಿಯ ಚೀಲ ಕಟ್ಟುತ್ತಿದ್ದರು. ಒಂದು ನಿಮಿಷ ನಿಲ್ಲಿರಿ ಎಂದು, ಕಾಗದವನ್ನು ನನ್ನ ಕೈಯಾರೆ ಅದರೊಳಗೆ ಹಾಕಿದೆ.